ಅಗೆದವನ ಹೊಣೆ

ಹೊಸಪೇಟೆಯಿಂದ ಹಂಪೆಗೆ ಹೋಗುವ ದಾರಿಯಲ್ಲಿ ಮಲಪನಗುಡಿ ಎಂಬ ಊರು ಸಿಗುತ್ತದೆ. ವಿಜಯನಗರದ ಅರಸರ ಕಾಲದ ದೊಡ್ಡ ಬಾವಿಯೊಂದು ಅಲ್ಲಿದೆ. ಹಂಪೆಯ ಗೋಪುರಗಳನ್ನು ಕಾಣುವ ಆತುರದಲ್ಲಿ ಹೊರಟವರ ಕಣ್ಣಿಗೆ ಈ ಬಾವಿ ಅಷ್ಟಾಗಿ ಬೀಳುವುದಿಲ್ಲ. ಆದರೆ ಆ ಸಾಮ್ರಾಜ್ಯದ ಹಿರಿಮೆಯನ್ನು ಅಳೆಯುವವರು ಅದರ ಗುಡಿಗಳೊಡನೆ ಅದರ ನೀರಿನ ಏರ್ಪಾಟನ್ನೂ ನೋಡಬೇಕು. ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತು ಕಾಲುವೆಗಳು ಇಂದಿಗೂ ಈ ಸೀಮೆಯ ಬಾಳೆ, ಕಬ್ಬು, ಭತ್ತಕ್ಕೆ ನೀರೂಡಿಸುತ್ತಿವೆ. ಅರಮನೆ ಹಾಳಾದರೂ ಕಾಲುವೆ ಉಳಿಯಿತು.

ಹೀಗೆ ಉಳಿಯಲು ಒಂದು ಕಾರಣವಿದೆ. ಕೆರೆ ಕಟ್ಟಿಸಿದವರಿಗೆ, ಒಡೆದ ಕೆರೆಯನ್ನು ದುರಸ್ತಿ ಮಾಡಿದವರಿಗೆ ಭೂಮಿಯನ್ನೋ ಬೆಳೆಯ ಒಂದು ಪಾಲನ್ನೋ ಬಿಟ್ಟುಕೊಡುವ ಪದ್ಧತಿ ಆಗ ಇತ್ತು. ಕಟ್ಟುಕೊಡಗೆ, ದಶವಂದ ಎಂಬ ಮಾತುಗಳು ನಮ್ಮ ಶಾಸನಗಳಲ್ಲಿ ಬರುತ್ತವೆ. ದಶವಂದವೆಂದರೆ ಹತ್ತರಲ್ಲೊಂದು ಪಾಲು. ನೀರಿನಿಂದ ಹುಟ್ಟಿದ ಸಂಪತ್ತಿನ ಒಂದಂಶ ಆ ನೀರನ್ನು ಕಾಯುವ ಕೆಲಸಕ್ಕೇ ಮರಳಬೇಕೆಂಬುದು ಅದರ ತಾತ್ಪರ್ಯ. ಧರ್ಮವನ್ನು ಅಳಿದವನಿಗೆ ವಾರಾಣಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರುತ್ತದೆಂದು ಶಾಸನದ ಕೊನೆಯಲ್ಲಿ ಶಾಪವೂ ಇರುತ್ತಿತ್ತು. ಕಾಯುವವನಿಗೆ ಈ ಲೋಕದಲ್ಲಿ ಪಾಲು, ಕೆಡಿಸುವವನಿಗೆ ಪರಲೋಕದಲ್ಲಿ ಶಿಕ್ಷೆ: ಇದು ಹಿಂದಿನವರ ನ್ಯಾಯ.

ಈಗ ಹೊಸಪೇಟೆಯಿಂದ ತೆಂಕಣಕ್ಕೆ ತಿರುಗಿ ನೋಡೋಣ. ಅಲ್ಲಿ ಸಂಡೂರಿನ ಬೆಟ್ಟಗಳು ಸಾಲುಗಟ್ಟಿ ನಿಂತಿವೆ. ಅವುಗಳ ಒಡಲಲ್ಲಿ ಉತ್ತಮ ದರ್ಜೆಯ ಕಬ್ಬಿಣದ ಅದಿರಿದೆ. ಅದಿರನ್ನು ತೆಗೆಯಬೇಕಾದರೆ ಅದರ ಮೇಲಿನ ಕಾಡನ್ನು ಕಡಿದು, ಅದಿರಿಲ್ಲದ ಮಣ್ಣುಕಲ್ಲುಗಳನ್ನು ಅಗೆದು ಎಲ್ಲಿಯಾದರೂ ರಾಶಿ ಹಾಕಬೇಕು. ಆ ರಾಶಿ ಇಳಿಜಾರಿನಲ್ಲಿ ಆಧಾರವಿಲ್ಲದೆ ನಿಂತಿದ್ದರೆ ಮಳೆಗಾಲದಲ್ಲಿ ಕರಗಿ ಹಳ್ಳಕ್ಕೆ ಇಳಿಯುತ್ತದೆ. ಹಳ್ಳ ಕೆಂಪಾಗುತ್ತದೆ, ಕೆರೆಗೆ ಹೂಳು ತುಂಬುತ್ತದೆ, ಹೊಲದ ಮೇಲೆ ಕೆಂಮಣ್ಣಿನ ಪದರ ಕೂರುತ್ತದೆ. ಸಂಡೂರಿನ ಕಣಿವೆಯನ್ನು ಸೀಳಿಕೊಂಡು ದರೋಜಿ ಕೆರೆಯ ಕಡೆಗೆ ಹರಿಯುವ ನಾರಿಹಳ್ಳವು ಈ ಬೆಟ್ಟಗಳ ನೀರನ್ನೇ ಹೊತ್ತು ತರುತ್ತದೆ. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ ಅದರ ಕೇಂದ್ರವಾಯಿತು, ಸಂಡೂರು ಬಳ್ಳಾರಿಯಲ್ಲೇ ಉಳಿಯಿತು. ಹೂಳಿಗೆ ಮಾತ್ರ ಜಿಲ್ಲೆಯ ಗಡಿ ತಿಳಿಯದು.

ಹೀಗೆ ಕೆಟ್ಟ ನೆಲವನ್ನೂ ನೀರನ್ನೂ ಸರಿಪಡಿಸುವ ಹೊಣೆ ಯಾರದು? ಅಗೆದು ಲಾಭ ಪಡೆದವನದೆಂದು ಯಾರಾದರೂ ಹೇಳಿಯಾರು. ಆದರೆ ನ್ಯಾಯಾಲಯಗಳು ಈ ಉತ್ತರಕ್ಕೆ ಬಂದು ಮುಟ್ಟಲು ನೂರಾರು ವರ್ಷ ಬೇಕಾಯಿತು.

ಇಂಗ್ಲೆಂಡಿನಲ್ಲಿ ಗಿರಣಿಯ ಒಡೆಯನೊಬ್ಬ ಕೊಳ ಕಟ್ಟಿಸಿದ. ಅದರ ನೀರು ಹಳೆಯ ಸುರಂಗಗಳ ಮೂಲಕ ನೆರೆಯವನ ಕಲ್ಲಿದ್ದಲ ಗಣಿಗೆ ನುಗ್ಗಿತು. ಅಪಾಯಕರವಾದುದನ್ನು ತನ್ನ ನೆಲದಲ್ಲಿ ಕೂಡಿಟ್ಟವನು, ಅದು ತಪ್ಪಿಸಿಕೊಂಡು ಹೋಗಿ ಮಾಡಿದ ಹಾನಿಗೆ ಹೊಣೆಯೆಂದು 1868ರಲ್ಲಿ ತೀರ್ಪಾಯಿತು. ಆದರೆ ದೈವಿಕ ಆಪತ್ತು, ಮೂರನೆಯವನ ಕೃತ್ಯ ಮೊದಲಾದ ವಿನಾಯಿತಿಗಳು ಆ ನಿಯಮಕ್ಕೆ ಇದ್ದವು. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ವಿಷಾನಿಲ ಸಾವಿರಾರು ಜನರನ್ನು ಕೊಂದಿತು. ಮರುವರ್ಷ ದೆಹಲಿಯ ಕಾರ್ಖಾನೆಯೊಂದರಿಂದ ಓಲಿಯಂ ಅನಿಲ ಸೋರಿತು. ಆ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರ ನೇತೃತ್ವದ ಪೀಠ 1986ರಲ್ಲಿ ಹಳೆಯ ವಿನಾಯಿತಿಗಳನ್ನೆಲ್ಲ ತೆಗೆದುಹಾಕಿತು. ಅಪಾಯಕರ ಉದ್ಯಮ ನಡೆಸುವವನ ಹೊಣೆ ಪೂರ್ಣವಾದುದು. ಎಚ್ಚರ ವಹಿಸಿದ್ದೆನೆಂಬ ಸಮಜಾಯಿಷಿ ಅಲ್ಲಿ ನಡೆಯದು.

ರಾಜಸ್ಥಾನದ ಬಿಛ್ರಿ ಎಂಬ ಹಳ್ಳಿಯ ಮೊಕದ್ದಮೆ ಈ ತತ್ತ್ವವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದಿತು. ರಾಸಾಯನಿಕ ಕಾರ್ಖಾನೆಗಳ ರಾಡಿಯಿಂದ ಅಲ್ಲಿಯ ಬಾವಿಗಳ ನೀರು ಕೆಟ್ಟಿತ್ತು. ನೊಂದವರಿಗೆ ಪರಿಹಾರ ಕೊಟ್ಟರಷ್ಟೇ ಸಾಲದು, ಕೆಟ್ಟ ನೆಲಜಲಗಳನ್ನು ಮೊದಲಿನ ಸ್ಥಿತಿಗೆ ತರುವ ವೆಚ್ಚವನ್ನೂ ಕೆಡಿಸಿದವನೇ ಭರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ವಿಧಿಸಿತು. ಆದರೆ ಹಣ ಬರಲಿಲ್ಲ. ಅರ್ಜಿಯ ಮೇಲೆ ಅರ್ಜಿ ಬಿದ್ದವು. 2011ರ ಜುಲೈಯಲ್ಲಿ ಅದೇ ನ್ಯಾಯಾಲಯ ಮತ್ತೊಮ್ಮೆ, ಬಡ್ಡಿ ಸಹಿತವಾಗಿ, ಅದೇ ಹಣ ಕಟ್ಟಬೇಕೆಂದು ಆಜ್ಞಾಪಿಸಬೇಕಾಯಿತು. ಹೊಣೆಯನ್ನು ಘೋಷಿಸುವುದಕ್ಕೂ ಅದು ನೆರವೇರುವುದಕ್ಕೂ ನಡುವೆ 15 ವರ್ಷ!

ಅದೇ ತಿಂಗಳು ನಮ್ಮ ಬಳ್ಳಾರಿಯ ಪಾಲಿಗೂ ಮಹತ್ತ್ವದ್ದಾಯಿತು. ಸಮಾಜ ಪರಿವರ್ತನ ಸಮುದಾಯವು 2009ರಲ್ಲಿ ಸರ್ವೋಚ್ಚ ನ್ಯಾಯಾಲಯದ ಕದ ತಟ್ಟಿತ್ತು. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು 2011ರ ಜುಲೈ 27ರಂದು ತಮ್ಮ ಎರಡನೆಯ ವರದಿಯನ್ನು ಒಪ್ಪಿಸಿದರು. ಎರಡು ದಿನಗಳ ಬಳಿಕ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನ್ಯಾಯಾಲಯ ನಿಲ್ಲಿಸಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರುಗಳಲ್ಲೂ ನಿಲ್ಲಿಸಿತು. ಗುತ್ತಿಗೆಗಳ ಗಡಿಯನ್ನು ಅಳೆಸಿ ಅವನ್ನು ಎ, ಬಿ, ಸಿ ಎಂದು ಮೂರು ವರ್ಗಗಳಾಗಿ ವಿಂಗಡಿಸಲಾಯಿತು. 2013ರ ಏಪ್ರಿಲ್ 18ರ ತೀರ್ಪು ಸಿ ವರ್ಗದ ಗುತ್ತಿಗೆಗಳನ್ನು ರದ್ದುಗೊಳಿಸಿತು. ಬಿ ವರ್ಗದವರು ಗಡಿ ಮೀರಿ ಅಗೆದ ನೆಲಕ್ಕೆ ಹೆಕ್ಟೇರಿಗೆ 5 ಕೋಟಿ ರೂಪಾಯಿ, ಗಡಿಯಾಚೆ ಮಣ್ಣು ಸುರಿದ ನೆಲಕ್ಕೆ ಹೆಕ್ಟೇರಿಗೆ 1 ಕೋಟಿ ರೂಪಾಯಿ ಕಟ್ಟಬೇಕಾಯಿತು. ಪುನಶ್ಚೇತನದ ಯೋಜನೆಯೊಂದು ಗಣಿಗಣಿಗೂ ಸಿದ್ಧವಾಗಬೇಕು. ಮಣ್ಣಿನ ರಾಶಿಗೆ ತಡೆಗೋಡೆ, ಹಳ್ಳಕ್ಕೆ ಚೆಕ್ ಡ್ಯಾಂ, ಇಳಿಜಾರಿಗೆ ಗಿಡಮರ ಇವೆಲ್ಲ ಗುತ್ತಿಗೆದಾರನ ಖರ್ಚಿನಲ್ಲೇ ಆಗಬೇಕು ಎಂಬ ಕಟ್ಟಳೆಯೂ ಬಂದಿತು.

ಇದರಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ ಅಂಶ ಮತ್ತೊಂದು. ತಪ್ಪೇ ಇಲ್ಲದ, ಅಥವಾ ಅಲ್ಪಸ್ವಲ್ಪ ತಪ್ಪಿನ ಎ ವರ್ಗದವರೂ ತಮ್ಮ ಅದಿರಿನ ಮಾರಾಟದ ಹಣದಲ್ಲಿ ನೂರಕ್ಕೆ 10ರಷ್ಟನ್ನು ಪುನಶ್ಚೇತನದ ನಿಧಿಗೆ ಕೊಡಬೇಕಾಯಿತು. ದಂಡವೆಂದು ಇದನ್ನು ಕರೆಯಲಾಗದು. ನೆಲದಿಂದ ಪಡೆದವನು ನೆಲಕ್ಕೆ ಸಲ್ಲಿಸಬೇಕಾದ ಋಣ ಇದು. ನ್ಯಾಯಾಧೀಶರು ನಮ್ಮ ಶಾಸನಗಳನ್ನು ನೆನೆದು ಬರೆದರೆಂದು ನಾನು ಹೇಳುತ್ತಿಲ್ಲ. ಆದರೂ ಹತ್ತರಲ್ಲೊಂದರ ಈ ಲೆಕ್ಕದಲ್ಲಿ ದಶವಂದದ ನೆರಳನ್ನು ಕಾಣದಿರುವುದು ಕಷ್ಟ.

ಇನ್ನು ಆ ಹಣದ ಗತಿಯನ್ನು ನೋಡಬೇಕು. ಅದನ್ನು ವೆಚ್ಚ ಮಾಡಲೆಂದು 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಸ್ಥಾಪನೆಯಾಯಿತು. ಸುಮಾರು 25 ಸಾವಿರ ಕೋಟಿ ರೂಪಾಯಿಗಳ ಸಮಗ್ರ ಯೋಜನೆ ಸಿದ್ಧವಾಯಿತು. ಕುಡಿಯುವ ನೀರು, ಆಸ್ಪತ್ರೆ, ಶಾಲೆ, ರಸ್ತೆ, ರೈಲುಮಾರ್ಗ, ಕಾಡು ಎಲ್ಲವೂ ಅದರ ವ್ಯಾಪ್ತಿಗೆ ಬಂದವು. ಆದರೆ ಸರ್ವೋಚ್ಚ ನ್ಯಾಯಾಲಯ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರನ್ನು ಮೇಲುಸ್ತುವಾರಿಗೆ ನೇಮಿಸಿದ್ದು 2022ರಲ್ಲಿ. ಅಷ್ಟರಲ್ಲಿ ಗಣಿ ನಿಂತ ವರ್ಷ ಹುಟ್ಟಿದ ಮಗು ಮಾಧ್ಯಮಿಕ ಶಾಲೆಗೆ ಕಾಲಿಟ್ಟಿತ್ತು. ರಸ್ತೆ, ಕಟ್ಟಡಗಳು ಬೇಡವೆನ್ನುವವರು ಯಾರೂ ಇಲ್ಲ. ಆದರೆ ನೆಲದ ಗಾಯಕ್ಕೆಂದು ತೆಗೆದಿಟ್ಟ ಮದ್ದು ಮೊದಲು ಗಾಯಕ್ಕೆ ಮುಟ್ಟಬೇಕು. ಹಣ ಕಟ್ಟಿದೊಡನೆ ಗುತ್ತಿಗೆದಾರನ ಲೆಕ್ಕ ತೀರಬಹುದು; ಹಳ್ಳ ತಿಳಿಯಾಗುವ ತನಕ ಹೊಣೆ ತೀರದು.

ಹೊಣೆಗಾರನೇ ಇಲ್ಲವಾದರೆ ಏನಾಗುವುದೆಂಬುದನ್ನು ಕೋಲಾರದ ಚಿನ್ನದ ಗಣಿ ನಮಗೆ ತೋರಿಸಿಕೊಟ್ಟಿದೆ. ನೂರಕ್ಕೂ ಹೆಚ್ಚು ವರ್ಷ ನಡೆದ ಆ ಗಣಿ 2001ರಲ್ಲಿ ಮುಚ್ಚಿತು. ಚಿನ್ನ ಹೋಯಿತು, ಕಂಪನಿಗಳು ಹೋದವು. ಜನ ಸೈನೈಡ್ ಗುಡ್ಡಗಳೆಂದು ಕರೆಯುವ ಬೂದುಬಣ್ಣದ ದಿಬ್ಬಗಳು ಊರಿನ ನೆತ್ತಿಯ ಮೇಲೆ ಉಳಿದವು. ಗಾಳಿ ಬೀಸಿದಾಗ ಅವುಗಳ ದೂಳನ್ನು ಉಸಿರಾಡುವವರು ಆ ಗಣಿಯಲ್ಲಿ ದುಡಿದವರ ಮಕ್ಕಳು.

ಹಾಗಾದರೆ ಇದಕ್ಕೊಂದು ಕಾನೂನು ಬೇಡವೆ? 2025ರ ಜುಲೈಯಲ್ಲಿ ಕೇಂದ್ರ ಸರ್ಕಾರ ಕಲುಷಿತ ಸ್ಥಳಗಳ ನಿರ್ವಹಣೆಗೆ ನಿಯಮಗಳನ್ನು ಪ್ರಕಟಿಸಿತು. ಜಿಲ್ಲಾಡಳಿತ ಶಂಕಿತ ಸ್ಥಳಗಳನ್ನು ವರದಿ ಮಾಡಬೇಕು, ಮಾಲಿನ್ಯ ನಿಯಂತ್ರಣ ಮಂಡಳಿ ಪರೀಕ್ಷಿಸಬೇಕು, ಕಾರಣನಾದವನನ್ನು ಗುರುತಿಸಿ ಶುದ್ಧೀಕರಣದ ವೆಚ್ಚ ವಸೂಲು ಮಾಡಬೇಕು. ಅಂಥವನು ಸಿಕ್ಕದಿದ್ದರೆ, ಅಥವಾ ಅವನಿಗೆ ಶಕ್ತಿಯಿಲ್ಲದಿದ್ದರೆ, ಸರ್ಕಾರಗಳೇ ಭರಿಸಬೇಕು. ಸ್ವಾಗತಾರ್ಹವಾದ ನಿಯಮ. ಆದರೆ ಗಣಿಗಾರಿಕೆಯಿಂದಾದ ಮಾಲಿನ್ಯ ಅದರ ಹೊರಗುಳಿದಿದೆ. ಬೇರೆ ಕಲುಷಿತ ವಸ್ತು ಬೆರೆತು ಮಿತಿ ಮೀರಿದಾಗ ಮಾತ್ರ ಅದು ಅನ್ವಯಿಸುತ್ತದೆ. ಎಂದರೆ ಸಂಡೂರಿನ ಬೆಟ್ಟಕ್ಕೆ ಈ ಹೊಸ ನಿಯಮದ ಆಸರೆ ಸಿಗುವುದು ಕಷ್ಟ. ಒಂದು ಮೊಕದ್ದಮೆಯ ಆಜ್ಞೆಯೇ ಅದರ ಮುಖ್ಯ ರಕ್ಷೆ. ಮೊಕದ್ದಮೆ ಎಂದಾದರೊಂದು ದಿನ ಮುಗಿಯುತ್ತದೆ. ಮಳೆ ವರ್ಷವರ್ಷವೂ ಬರುತ್ತದೆ.

ಆದುದರಿಂದ ಕೇಳಬೇಕಾದುದು ಇಷ್ಟೆ. ಮಣ್ಣಿನ ಪ್ರತಿಯೊಂದು ರಾಶಿಗೂ ಒಬ್ಬ ಹೊಣೆಗಾರನ ಹೆಸರು ದಾಖಲಾಗಬೇಕು. ಗುತ್ತಿಗೆ ಕೈ ಬದಲಾಯಿಸಿದರೆ ಗುಂಡಿಯೊಡನೆ ಹೊಣೆಯೂ ಹೊಸಬನಿಗೆ ಹೋಗಬೇಕು. ನಿಧಿಯ ಲೆಕ್ಕ ಗ್ರಾಮಸಭೆಯಲ್ಲಿ, ಕನ್ನಡದಲ್ಲಿ, ಎಲ್ಲರಿಗೂ ಕೇಳುವಂತೆ ಓದಲ್ಪಡಬೇಕು. ಹಿಂದಿನವರು ದಾನವನ್ನೂ ದಾನಿಯ ಹೆಸರನ್ನೂ ಕಲ್ಲಿನ ಮೇಲೆ ಕೊರೆಸಿ ಊರ ನಡುವೆ ನಿಲ್ಲಿಸುತ್ತಿದ್ದುದು ಅಲಂಕಾರಕ್ಕಲ್ಲ. ಮುಂದೆ ಬರುವವರು ಅದನ್ನು ಓದಿ, ಸಲ್ಲಬೇಕಾದುದನ್ನು ಕೇಳಿ ಪಡೆಯಲಿ ಎಂದು.