“ನನ್ನದೇನಮ್ಮ ಕಥೆ” ಎನ್ನುವವರನ್ನು ಕೇಳೋಣ



ನಾನು ಸಾಫ್ಟ್‌ವೇರ್ ಕೆಲಸದವಳು. ಮುಂಬಯಿ ಕನ್ನಡಿಗರ ಬಗ್ಗೆ ಕಾಲೇಜಿನ ಪ್ರಾಜೆಕ್ಟಿಗಾಗಿ ಸಾಕ್ಷ್ಯಚಿತ್ರ ಮಾಡುತ್ತಿದ್ದ ನಾಲ್ವರು ವಿದ್ಯಾರ್ಥಿಗಳಿಗೆ ಕನ್ನಡದಲ್ಲಿ ಪ್ರಶ್ನೆ ಕೇಳುವವರು ಬೇಕಿತ್ತು. ಹಾಗಾಗಿ ಕೆಲವು ಶನಿವಾರ ಅವರ ಜೊತೆ ಮಾಟುಂಗದಿಂದ ಡೊಂಬಿವಲಿವರೆಗೆ ಮನೆಮನೆ ಸುತ್ತಿದೆ.

ಇತಿಹಾಸ ಹೇಳುವವರಿಗೆ ಕೊರತೆಯಿರಲಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳಿಗೆ ಮುಂಬಯಿಯೇ ರಾಜಧಾನಿ. ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿದ್ದರೂ ಅಲ್ಲಿನವರು ಹಡಗು ಹತ್ತಿ ಇಲ್ಲಿಗೆ ಬಂದರು. ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿದರು. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರಲ್ಲಿ ಬಂಟರ ಸಂಘ ಹುಟ್ಟಿದ್ದನ್ನೆಲ್ಲ ಅಂಕಲ್‌ಗಳು ಇಸವಿ ಸಮೇತ ವಿವರಿಸಿದರು.

ನಾಲ್ಕನೇ ಮನೆಯ ಮೆಟ್ಟಿಲಿಳಿಯುವಾಗ ಒಬ್ಬ ಹುಡುಗಿ, “ಅಕ್ಕಾ, ಇದುವರೆಗೆ ಒಬ್ಬ ಹೆಂಗಸೂ ಮಾತಾಡಿಲ್ಲ” ಅಂದಳು. ನಿಜ. ಕ್ಯಾಮೆರಾ ಹೊರಗೆ ತೆಗೆದ ಕೂಡಲೇ ಆಂಟಿಯರು ಚಹಾ ಮಾಡಲು ಒಳಗೆ ಹೋಗುತ್ತಿದ್ದರು. ಕರೆದರೆ, “ನನ್ನದೇನಮ್ಮ ಕಥೆ, ಅವರನ್ನೇ ಕೇಳಿ” ಎನ್ನುತ್ತಿದ್ದರು.

ಪ್ರಶ್ನೆಗಳನ್ನೇ ಬದಲಿಸಿದೆವು. “ಸಮುದಾಯಕ್ಕೆ ನಿಮ್ಮ ಕೊಡುಗೆ ಏನು?” ಎಂದರೆ ಯಾರಿಗೆ ತಾನೇ ಉತ್ತರ ಹೊಳೆಯುತ್ತದೆ? “ಚಾಳಿನಲ್ಲಿ ನೀರು ಎಷ್ಟು ಗಂಟೆಗೆ ಬರುತ್ತಿತ್ತು? ನಿಮಗೆ ಮರಾಠಿ ಯಾರು ಕಲಿಸಿದರು? ಊರಿಂದ ಬಂದ ಹುಡುಗರು ಎಲ್ಲಿ ಮಲಗುತ್ತಿದ್ದರು?” ಎಂದು ಕೇಳಿದಾಗ ಮಾತು ತಾನಾಗಿಯೇ ಬಂತು. ಒಬ್ಬ ಅಮ್ಮ ಒಂದೇ ಖೋಲಿಯಲ್ಲಿ ಊರಿನ ಆರು ಹುಡುಗರಿಗೆ ವರ್ಷಗಟ್ಟಲೆ ಬೇಯಿಸಿ ಹಾಕಿದ್ದರು. ಸಂಬಳ ಬಂದಾಗ ಕೊಟ್ಟರಾಯಿತೆಂದು ಲೆಕ್ಕವನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡುತ್ತಿದ್ದರು. ಒಂದು ತಿಂಗಳು ರೇಷನ್ನಿಗಾಗಿ ಬಳೆ ಅಡವಿಟ್ಟದ್ದು, ಪಕ್ಕದಲ್ಲೇ ಕೂತಿದ್ದ ಅವರ ಮಗನಿಗೂ ಗೊತ್ತಿರಲಿಲ್ಲ. ಅದನ್ನು ಹೇಳಬಹುದೆಂದು ಅವರು ಒಪ್ಪಿದ್ದರಿಂದಲೇ ಇಲ್ಲಿ ಹೇಳುತ್ತಿದ್ದೇನೆ. ಆ ಹುಡುಗರಲ್ಲಿ ಇಬ್ಬರು ಮುಂದೆ ಸ್ವಂತ ಹೋಟೆಲ್ ತೆರೆದರು. ಹೋಟೆಲಿನ ಕಥೆ ಎಲ್ಲರಿಗೂ ಗೊತ್ತು, ಬಳೆಯ ಕಥೆ ಯಾರಿಗೂ ಗೊತ್ತಿಲ್ಲ.

ಕಟ್ಟಡ ಕೆಲಸಕ್ಕೆ ಕಲಬುರಗಿ ಕಡೆಯಿಂದ ಬಂದ ಒಬ್ಬ ತಾಯಿಯನ್ನೂ ಮಾತಾಡಿಸಿದೆವು. “ನಾವೂ ಕನ್ನಡದವರ ಅದೀವ್ರಿ, ನಮ್ಮನ್ನ ಯಾರ ಕೇಳ್ಯಾರ?” ಎಂದರು. ಅವರ ಮಗಳು ಓದುತ್ತಿರುವುದು ಹಿಂದಿಯಲ್ಲಿ. ಅವರ ಮನೆಯಿಂದ ನಮ್ಮ ಸಭಾಂಗಣಕ್ಕೆ ಎರಡೇ ಸ್ಟೇಷನ್, ಆದರೂ ನಮ್ಮ ಸಂಘದ ಹೆಸರನ್ನೇ ಅವರು ಕೇಳಿರಲಿಲ್ಲ. ವೇದಿಕೆಯಲ್ಲಿ “ನಮ್ಮವರು” ಎನ್ನುವಾಗ ಅವರೂ ನಮ್ಮ ಲೆಕ್ಕದಲ್ಲಿ ಇದ್ದಾರೆಯೇ?

ವಿದ್ಯಾರ್ಥಿಗಳ ಪ್ರಾಜೆಕ್ಟ್ ಮುಗಿಯಿತು. ಕೆಲಸ ಮುಗಿದಿಲ್ಲ. ಈ ವರ್ಷ ನಾವು ಒಬ್ಬೊಬ್ಬರೂ ಇಬ್ಬರು ಹೆಂಗಸರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡೋಣ: ಒಬ್ಬರು ಮನೆಯ ಹಿರಿಯರು, ಇನ್ನೊಬ್ಬರು ಸಂಘದ ಹೊರಗಿನವರು. ಮೊದಲು ಒಪ್ಪಿಗೆ ಕೇಳಿ. ಫ್ಯಾನ್, ಟಿವಿ ಆರಿಸಿ. ಫೋನ್ ಅಡ್ಡಲಾಗಿ ಹಿಡಿಯಿರಿ. ತುಳು, ಕೊಂಕಣಿ, ಯಾವುದು ಸಲೀಸೋ ಅದರಲ್ಲೇ ಹೇಳಲಿ. ಹಳೆಯ ಫೋಟೋದಲ್ಲಿರುವವರ ಹೆಸರು ಹೇಳಿಸಿ. ಅವರು “ಇದು ಬೇಡ” ಎಂದದ್ದನ್ನು ಅಳಿಸಿಬಿಡಿ. ಎಲ್ಲವನ್ನೂ ಜೋಡಿಸಿ, ಎರಡು ಕಡೆ ಕಾಪಿ ಇಡುವ ಕೆಲಸ ನನ್ನದು.

ಅವರಿಗೆ ನೆನಪಿರುವಾಗಲೇ ಕೇಳೋಣ.