ಸೆರೆಸಿಕ್ಕ ಮಾಂತ್ರಿಕನಿಗೂ ಸರದಿ ಕೊಡಿ

ಹಿಂಜವಡಿಯ ನಾವು ಐದು ಜನ ಭಾನುವಾರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡ್ತೀವಿ. ವಾರದಲ್ಲಿ ಬಾಯ್ತುಂಬ ಕನ್ನಡ ಮಾತಾಡೋದು ಅಲ್ಲೇ. ಒಮ್ಮೆ ಗೆಳೆಯನ ಮಾಂತ್ರಿಕ ಸೆರೆಸಿಕ್ಕ. ಮಂತ್ರಗಳಿಗೆ ಬೇಕಾಗೋದು ಮಾತು, ಕೈಸನ್ನೆ, ಸಾಮಗ್ರಿ. ಆಟ ನಡೆಸ್ತಿದ್ದ ನಾನು ಬಾಯಿಗೆ ಬಟ್ಟೆ ತುರುಕಿಸಿ, ಕೈ ಕಟ್ಟಿಸಿ, ಚೀಲ ಕಿತ್ತುಕೊಂಡೆ. ಅವನು ಎರಡು ಗಂಟೆ ಮೊಬೈಲ್ ನೋಡ್ತಾ ಕೂತ. ಮುಂದಿನ ವಾರ ಬರಲೇ ಇಲ್ಲ.

ಆಗ ಹನುಮಂತ ನೆನಪಾದ. ವಾಲ್ಮೀಕಿ ರಾಮಾಯಣದಲ್ಲಿ ಇಂದ್ರಜಿತು ಅವನನ್ನ ಬ್ರಹ್ಮಾಸ್ತ್ರದಿಂದ ಕಟ್ಟಿದ. ರಾಕ್ಷಸರು ಹಗ್ಗವನ್ನೂ ಬಿಗಿದ್ರು, ಅಸ್ತ್ರದ ಕಟ್ಟು ಬಿಟ್ಟುಹೋಯ್ತು. ಆದ್ರೂ ಹನುಮಂತ ಓಡಲಿಲ್ಲ. ಅವನಿಗೆ ರಾವಣನನ್ನ ನೋಡ್ಬೇಕಿತ್ತು.

ಈಗ ನಾನು ಕೈ ಮಾತ್ರ ಕಟ್ಟಿಸ್ತೀನಿ. ಮಿಸ್ಟಿ ಸ್ಟೆಪ್ ಮಂತ್ರಕ್ಕೆ ಮಾತಷ್ಟೇ ಸಾಕು. ಪಕ್ಕದ ಕೋಣೇಲಿ ಶತ್ರುಗಳ ಗುಟ್ಟಿನ ಮಾತೂ ಕೇಳಿಸುತ್ತೆ. ಓಡೋದೋ, ಕೂತು ಕೇಳೋದೋ, ಅವನೇ ನಿರ್ಧರಿಸಲಿ. ಗೆಳೆಯನಿಗೆ ಫೋನ್ ಮಾಡಿ ಇದನ್ನೇ ಹೇಳ್ದೆ. ಈ ಭಾನುವಾರ ಬರ್ತಾನಂತೆ.