ನೆಲದಡಿಯ ಕಂಬಗಳ ಲೆಕ್ಕ

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ರಾಯಚೂರಿನ ಶಾಖೋತ್ಪನ್ನ ಸ್ಥಾವರ ಉರಿಯಬೇಕಾದರೆ ತೆಲಂಗಾಣದ ಸಿಂಗರೇಣಿಯಂಥ ಕಡೆಯಿಂದ ರೈಲು ಬರಬೇಕು. ಆ ಸೀಮೆಯಲ್ಲಿ ನೆಲದಡಿಯ ಗಣಿಗಳೂ ಇವೆ. ಅಂಥ ಗಣಿಯಲ್ಲಿ ಕಲ್ಲಿದ್ದಲು ಎಷ್ಟಿದೆ ಅನ್ನುವುದು ಒಂದು ಲೆಕ್ಕ. ಅದರಲ್ಲಿ ಎಷ್ಟನ್ನು ಮೇಲೆ ತರಬಹುದು ಅನ್ನುವುದು ಬೇರೆಯೇ ಲೆಕ್ಕ.

ಮೊದಲನೆಯದು ಶಾಲೆಯ ಗಣಿತ. ಒಂದು ಚದರ ಕಿಲೋಮೀಟರ್ ಜಾಗ, ಮೂರು ಮೀಟರ್ ದಪ್ಪದ ಪದರ, ಘನ ಮೀಟರಿಗೆ ಒಂದೂವರೆ ಟನ್ ತೂಕ ಎಂದಿಟ್ಟುಕೊಳ್ಳಿ. ಗುಣಿಸಿದರೆ 45 ಲಕ್ಷ ಟನ್. ಪದರದ ದಪ್ಪ ಗೊತ್ತಾಗುವುದು ಕೊಳವೆ ಕೊರೆದಾಗ. ಒಂದು ಕೊಳವೆಯ ಮಾತನ್ನು ಎಷ್ಟು ದೂರ ನಂಬಬೇಕು? ನಮ್ಮ ದೇಶದ ಹಳೆಯ ರೂಢಿಯಲ್ಲಿ ಸುತ್ತಲಿನ 200 ಮೀಟರ್‌ವರೆಗೆ ಅದು ಸಾಬೀತಾದ ನಿಕ್ಷೇಪ, ಒಂದು ಕಿಲೋಮೀಟರ್‌ವರೆಗೆ ಸೂಚಿತ, ಅದರಾಚೆಗೆ ಬರೀ ಊಹಿತ.

ನಿಜವಾದ ತಲೆನೋವು ಎರಡನೆಯ ಲೆಕ್ಕದ್ದು. ಕಲ್ಲಿದ್ದಲನ್ನೆಲ್ಲ ತೆಗೆದರೆ ಚಾವಣಿ ತಲೆಯ ಮೇಲೆ ಬೀಳುತ್ತದೆ. ಅದಕ್ಕೇ ‘ಬೋರ್ಡ್ ಅಂಡ್ ಪಿಲ್ಲರ್’ ಪದ್ಧತಿ: ಅಡ್ಡ, ಉದ್ದ ಓಣಿಗಳನ್ನು ಕೊರೆದು, ನಡುವೆ ಚೌಕಾಕಾರದ ಕಲ್ಲಿದ್ದಲ ಕಂಬಗಳನ್ನು ಉಳಿಸುವುದು. ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೆನಪಾದೀತು, ಆದರೆ ಇಲ್ಲಿ ಅಳತೆ ತಿರುಗುಮುರುಗು. ಓಣಿಯ ಅಗಲ 4.8 ಮೀಟರ್ ಮೀರಬಾರದೆಂದು ನಿಯಮವಿದೆ. ಕಂಬವೋ, ಆಳ ಹೆಚ್ಚಿದಂತೆ ದಪ್ಪವಾಗುತ್ತಲೇ ಹೋಗಬೇಕು. ಅಷ್ಟೇ ಅಗಲದ ಓಣಿಗೆ 60 ಮೀಟರ್ ಆಳದೊಳಗೆ ಕಂಬದ ನಡುವಿನಿಂದ ಕಂಬದ ನಡುವಿಗೆ 19.5 ಮೀಟರ್ ಇದ್ದರೆ ಸಾಕು. 240 ಮೀಟರ್ ದಾಟಿದರೆ 45 ಬೇಕು. ಕಾಗದದ ಮೇಲೆ ಗೀಟು ಹಾಕಿ ನೋಡಿ: ಮೇಲಿನ ಗಣಿಯಲ್ಲಿ ಓಣಿಗಳಿಂದಲೇ ನೂರಕ್ಕೆ 43 ಪಾಲು ಕೈಗೆ ಬರುತ್ತದೆ, ಆಳದ ಗಣಿಯಲ್ಲಿ ಬರೀ 20. ನಮ್ಮ 45 ಲಕ್ಷ ಟನ್ 300 ಮೀಟರ್ ಆಳದಲ್ಲಿದ್ದರೆ, ಮೊದಲ ಸುತ್ತಿಗೆ ಸಿಗುವುದು ಒಂಬತ್ತು ಲಕ್ಷ. ಅದೂ ಪದರ ಎಲ್ಲೂ ತುಂಡಾಗಿಲ್ಲದಿದ್ದರೆ.

ಉಳಿದ ಕಂಬಗಳನ್ನು ಆಮೇಲೆ ಒಂದೊಂದಾಗಿ ತೆಗೆಯುತ್ತಾರೆ. ಕಾರ್ಮಿಕರು ಹಿಂದೆ ಸರಿದಂತೆ ಚಾವಣಿಯನ್ನು ಬೇಕೆಂದೇ ಕುಸಿಯಲು ಬಿಡುತ್ತಾರೆ, ಮೇಲಿನ ನೆಲವೂ ತಗ್ಗುತ್ತದೆ. ಊರು, ರೈಲು ಹಳಿ, ನದಿಯ ಕೆಳಗೆ ಹೀಗೆ ಮಾಡುವಂತಿಲ್ಲ. ಪಕ್ಕದಲ್ಲಿ ನೀರು ತುಂಬಿದ ಹಳೇ ಗಣಿಯಿದ್ದರೆ ನಡುವಿನ ಕಲ್ಲಿದ್ದಲ ಗೋಡೆಯನ್ನು ಮುಟ್ಟುವಂತೆಯೇ ಇಲ್ಲ. ಧನಬಾದ್ ಬಳಿಯ ಚಾಸ್ನಾಲಾದಲ್ಲಿ 1975ರ ಡಿಸೆಂಬರ್ 27ರಂದು ಹಳೇ ಗಣಿಯ ನೀರು ಒಳನುಗ್ಗಿ 370ಕ್ಕೂ ಹೆಚ್ಚು ಜನ ಸತ್ತರು. ಇಂಥ ಗೋಡೆಯಲ್ಲಿರುವ ಟನ್ನುಗಳನ್ನು ನಷ್ಟದ ಖಾತೆಗೆ ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಊರಿನ ಕೆಳಗಿನ ಕಂಬಗಳಿಗೆ ಇನ್ನೊಂದು ದಾರಿ ಇದೆ. ಕಂಬ ತೆಗೆದ ಜಾಗಕ್ಕೆ ನದಿಯ ಮರಳನ್ನು ನೀರಿನೊಂದಿಗೆ ಕೊಳವೆಯಲ್ಲಿ ಹರಿಸಿ ತುಂಬುವುದು. ರಾಣಿಗಂಜ್, ಝರಿಯಾಗಳಲ್ಲಿ ದಾಮೋದರ ನದಿಯ ಮರಳನ್ನು ಹೀಗೆ ಬಳಸಿದ್ದಾರೆ. ಆದರೆ ಅದೇ ಮರಳು ಮನೆ ಕಟ್ಟುವವರಿಗೂ ಬೇಕು. ಮರಳಿನ ಬೆಲೆ ಏರಿದರೆ, ನೆಲದಡಿ ಒಂದು ಹಿಡಿ ಕಲ್ಲಿದ್ದಲೂ ಕದಲದೆಯೇ, ತೆಗೆಯಬಹುದಾದ ನಿಕ್ಷೇಪ ಕಡಿಮೆಯಾಗುತ್ತದೆ.